ಹೊಸ ಸೆಟ್ ಜೋಡಿಸುವ ಮೊದಲು ಮೀಟರ್ ಹಿಡಿಯಬೇಕು

ಹಾಸನದಲ್ಲಿ ಕಾರ್ ಸ್ಟೀರಿಯೊ ಕೆಲಸ ಮಾಡುವವರ ಬಳಿಗೆ ಹೊಸ ಸೆಟ್ ಹಾಕಿಸಿಕೊಂಡ ಗಾಡಿ ವಾಪಸ್ ಬಂತೆಂದರೆ, ಸೆಟ್ಟೇ ಕೆಟ್ಟಿರುವುದು ಅಪರೂಪ. "ಎಫ್ಎಂ ಮೊದಲಿನ ಹಾಗೆ ಬರ್ತಿಲ್ಲ", "ನಾಲ್ಕು ದಿನ ನಿಲ್ಲಿಸಿದ್ರೆ ಸ್ಟಾರ್ಟೇ ಆಗಲ್ಲ", "ಹೆಡ್‌ಲೈಟ್ ಹಾಕಿದ ಕೂಡಲೇ ಕುಯ್ ಅನ್ನುತ್ತೆ". ದೂರುಗಳು ಹೆಚ್ಚಾಗಿ ಇವೇ. ಕಂಪನಿ ಸೆಟ್ ಹಾಡು ಹೇಳುವುದರ ಜೊತೆಗೆ ಇನ್ನೂ ನಾಲ್ಕಾರು ಕೆಲಸ ಸದ್ದಿಲ್ಲದೆ ಮಾಡುತ್ತಿರುತ್ತದೆ. ಅವು ಯಾವುವು ಎಂದು ನೋಡದೆ ಕಿತ್ತರೆ ಹೊಸ ಸೆಟ್ಟಿಗೆ ಎಷ್ಟೇ ದುಡ್ಡು ಕೊಟ್ಟಿದ್ದರೂ ಗಾಡಿ ತಿರುಗಿ ಬರುತ್ತದೆ.

ಹಾಗಾಗಿ ಮೊದಲ ಅರ್ಧ ಗಂಟೆ ಪ್ಯಾನೆಲ್ ಮುಟ್ಟುವಂತಿಲ್ಲ. ಹಳೆ ಸೆಟ್ ಆನ್ ಮಾಡಿ, ಫೇಡರ್ (ಮುಂದೆ-ಹಿಂದೆ) ಮತ್ತು ಬ್ಯಾಲೆನ್ಸ್ (ಎಡ-ಬಲ) ತಿರುಗಿಸಿ ನಾಲ್ಕೂ ಸ್ಪೀಕರನ್ನು ಒಂದೊಂದಾಗಿ ಕೇಳಬೇಕು. ಆಕಾಶವಾಣಿ ಹಾಸನದ 102.2 ಹಾಕಿ ಎಷ್ಟು ಸ್ವಚ್ಛವಾಗಿ ಬರುತ್ತದೆ ನೋಡಬೇಕು. ಪಾರ್ಕ್ ಲೈಟ್ ಹಾಕಿದಾಗ ಸೆಟ್ಟಿನ ಬೆಳಕು ಬದಲಾಗುತ್ತದೆಯೇ, ಸ್ಟೀರಿಂಗ್ ಬಟನ್ ಕೆಲಸ ಮಾಡುತ್ತವೆಯೇ, ರಿವರ್ಸ್ ಸೆನ್ಸರಿನ ಸದ್ದು ಯಾವ ಸ್ಪೀಕರಿನಿಂದ ಬರುತ್ತದೆ, ಎಲ್ಲ ಬರೆದಿಟ್ಟುಕೊಂಡು ಗಿರಾಕಿಗೆ ಅಲ್ಲೇ ತೋರಿಸಬೇಕು. ಹಿಂದಿನ ಬಲಗಡೆ ಸ್ಪೀಕರ್ ಮೊದಲೇ ಸತ್ತಿದ್ದರೆ ಆ ಮಾತು ಈಗಲೇ ಆಗಲಿ. ಸಂಜೆ ಹೇಳಿದರೆ ಯಾರೂ ನಂಬುವುದಿಲ್ಲ. ಸೆಟ್ಟಿಗೆ ಸೆಕ್ಯುರಿಟಿ ಕೋಡ್ ಇದ್ದರೆ ಅದನ್ನೂ ಕೇಳಿಟ್ಟುಕೊಳ್ಳಿ. ಬ್ಯಾಟರಿ ತೆಗೆದ ಮೇಲೆ ಹಳೆ ಸೆಟ್ಟನ್ನೇ ಮತ್ತೆ ಹಾಕಬೇಕಾಗಿ ಬಂದರೆ ಅದು ಬೇಕೇ ಬೇಕು.

ಆಮೇಲೆ ಬ್ಯಾಟರಿಯ ಮೈನಸ್ ಟರ್ಮಿನಲ್ ತೆಗೆದು ಕೆಲವು ನಿಮಿಷ ಬಿಡಿ. ಡ್ಯಾಶ್‌ಬೋರ್ಡ್ ಒಳಗೆ ಹಳದಿ ಬಣ್ಣದ ಕಪ್ಲರ್ (ವೈರ್ ಸಿಕ್ಕಿಸುವ ಪ್ಲಗ್) ಅಥವಾ ಹಳದಿ ತೋಳು ಹಾಕಿದ ವೈರ್ ಕಂಡರೆ ಅದು ಏರ್‌ಬ್ಯಾಗಿನದು. ಅದಕ್ಕೆ ಟೆಸ್ಟ್ ಲ್ಯಾಂಪನ್ನಾಗಲಿ ಮೀಟರನ್ನಾಗಲಿ (ಮಲ್ಟಿಮೀಟರ್) ತಾಗಿಸಲೇಬಾರದು. 2019ರ ಜುಲೈಯಿಂದ ಹೊಸ ಕಾರುಗಳಲ್ಲಿ ಚಾಲಕನ ಕಡೆಗೆ ಏರ್‌ಬ್ಯಾಗ್ ಕಡ್ಡಾಯವಾಗಿದೆ, ಅಂದರೆ ಈಗ ಸಣ್ಣ ಗಾಡಿಗಳಲ್ಲೂ ಅದು ಇರುತ್ತದೆ.

ಪ್ಯಾನೆಲ್ ಕೀಳಲು ಪ್ಲಾಸ್ಟಿಕ್ ಪಟ್ಟಿಯೇ ಬೇಕು, ಸ್ಕ್ರೂಡ್ರೈವರ್ ಬೇಡ. ಚಿಕ್ಕಮಗಳೂರು ಕಡೆಯ ಡಿಸೆಂಬರ್ ಬೆಳಗಿನಲ್ಲಿ ಹಳೆ ಪ್ಲಾಸ್ಟಿಕ್ ಕ್ಲಿಪ್ಪುಗಳು ಕಡ್ಡಿಯಂತೆ ಮುರಿಯುತ್ತವೆ. ಮೈನಸ್ ತೆಗೆಯುವ ಮೊದಲೇ ಗಾಡಿಯನ್ನು ಸ್ವಲ್ಪ ಹೊತ್ತು ಬಿಸಿಲಿಗೆ ನಿಲ್ಲಿಸಿ, ಇಲ್ಲವೇ ಹೀಟರ್ ಹಾಕಿ ಬೆಚ್ಚಗೆ ಮಾಡಿಕೊಂಡು ಕೈ ಹಾಕಿ. ಪ್ಯಾನೆಲ್ ಅನ್ನು ಒಮ್ಮೆಲೇ ಎಳೆಯಬಾರದು. ಹಿಂದೆ ಹಜಾರ್ಡ್ ಸ್ವಿಚ್ಚಿನ ಕಪ್ಲರ್ ನೇತಾಡುತ್ತಿರುತ್ತದೆ.

ಈಗ ಮುಖ್ಯ ವಿಷಯ. ಸೆಟ್ ಹೊರಗೆ ಬಂದ ಮೇಲೆ ಮೈನಸ್ ಮತ್ತೆ ಜೋಡಿಸಿ ಕಂಪನಿ ಕಪ್ಲರನ್ನು ಮೀಟರಿನಲ್ಲಿ ನೋಡಬೇಕು. ಹೊಸ ಸೆಟ್ಟುಗಳ ಬಣ್ಣ ಬಹುಮಟ್ಟಿಗೆ ಒಂದೇ: ಹಳದಿ ಡೈರೆಕ್ಟ್ (ಕೀ ತೆಗೆದರೂ ಇರುವ) ಸಪ್ಲೈ, ಕೆಂಪು ಕೀ ತಿರುಗಿಸಿದಾಗ ಬರುವ ಸಪ್ಲೈ, ಕಪ್ಪು ಅರ್ಥ್, ಕಿತ್ತಳೆ ಪಾರ್ಕ್ ಲೈಟಿನದು, ನೀಲಿ ಆಂಟೆನಾಕ್ಕೆ, ನೀಲಿ-ಬಿಳಿ ಆಂಪ್ಲಿಫೈಯರಿಗೆ. ಬಿಳಿ ಮುಂದಿನ ಎಡ, ಬೂದು ಮುಂದಿನ ಬಲ, ಹಸಿರು ಹಿಂದಿನ ಎಡ, ನೇರಳೆ ಹಿಂದಿನ ಬಲ. ಕಪ್ಪು ಗೆರೆ ಇರುವುದು ಮೈನಸ್. ಆದರೆ ಈ ಬಣ್ಣಗಳಿಗೂ ಗಾಡಿಯ ಕಡೆಯ ಬಣ್ಣಗಳಿಗೂ ಸಂಬಂಧವೇ ಇಲ್ಲ. ಬಣ್ಣ ನೋಡಿ ಬಣ್ಣಕ್ಕೆ ಕಟ್ಟುವುದರಿಂದಲೇ ಎಷ್ಟೋ ಸೆಟ್ಟುಗಳು ಮೊದಲ ದಿನವೇ ಸುಟ್ಟಿವೆ. ಐಎಸ್ಒ (ಅಂತರರಾಷ್ಟ್ರೀಯ ಮಾನದಂಡದ) ಕಪ್ಲರಿನಲ್ಲಿ 4ನೇ ಪಿನ್ ಡೈರೆಕ್ಟ್, 7ನೇದು ಕೀ ಸಪ್ಲೈ, 8ನೇದು ಅರ್ಥ್ ಎಂಬುದು ಲೆಕ್ಕ. ಫೋಕ್ಸ್‌ವ್ಯಾಗನ್ ಗುಂಪಿನ ಅನೇಕ ಗಾಡಿಗಳಲ್ಲಿ 4 ಮತ್ತು 7 ಅದಲುಬದಲಾಗಿರುತ್ತವೆ. ಹಾಗೇ ಸಿಕ್ಕಿಸಿದರೆ ಪ್ರತಿ ಸಲ ಕೀ ತೆಗೆದಾಗಲೂ ಸ್ಟೇಷನ್, ಗಡಿಯಾರ ಎಲ್ಲ ಅಳಿಸಿಹೋಗುತ್ತದೆ.

ಮೀಟರಿನಲ್ಲಿ ಹೀಗೆ ಬರಬೇಕು: ಕೀ ತೆಗೆದಾಗ ಡೈರೆಕ್ಟ್ ವೈರಿನಲ್ಲಿ 12.4ರಿಂದ 12.7 ವೋಲ್ಟ್, ಕೀ ಸಪ್ಲೈಯಲ್ಲಿ ಸೊನ್ನೆ. ಕೀ ಒಂದು ಹಂತ ತಿರುಗಿಸಿದರೆ ಎರಡರಲ್ಲೂ 12. ಗಾಡಿ ಓಡುವಾಗ 13.8ರಿಂದ 14.4. ಅರ್ಥ್ ಹುಡುಕುವಾಗ ಒಂದು ಮೋಸವಿದೆ. ಕೆಲವು ಗಾಡಿಗಳಲ್ಲಿ ಪಾರ್ಕ್ ಲೈಟಿಗೆ ಪ್ಲಸ್, ಮೈನಸ್ ಎರಡು ವೈರ್ ಬರುತ್ತವೆ, ಮೈನಸ್ ವೈರ್ ಡಿಮ್ಮರ್ (ಡ್ಯಾಶ್‌ಬೋರ್ಡ್ ಬೆಳಕು ಹೆಚ್ಚು-ಕಡಿಮೆ ಮಾಡುವ ಗುಂಡಿ) ಮೂಲಕ ಹೋಗುತ್ತದೆ. ಡಿಮ್ಮರ್ ಪೂರ್ತಿ ತಿರುಗಿಸಿಟ್ಟಿದ್ದಾಗ ಅದು ಮೀಟರಿನಲ್ಲಿ ಅರ್ಥ್ ಹಾಗೇ ಕಾಣುತ್ತದೆ. ಅದಕ್ಕೆ ಸೆಟ್ಟಿನ ಕಪ್ಪು ವೈರ್ ಕೊಟ್ಟುಬಿಟ್ಟರೆ ಹಗಲಲ್ಲಿ ಎಲ್ಲ ಸರಿ, ರಾತ್ರಿ ಲೈಟ್ ಹಾಕಿದ ಕೂಡಲೇ ಕುಯ್ ಸದ್ದು, ಸೆಟ್ ಆಫ್ ಆಗುವುದು ಶುರು. ಅರ್ಥ್ ಗಟ್ಟಿಯಿದೆಯೇ ತಿಳಿಯಲು ಓಮ್ ನೋಡಿದರೆ ಸಾಲದು. ಸೆಟ್ ಜೋರಾಗಿ ಹಾಡುತ್ತಿರುವಾಗ ಅದರ ಅರ್ಥ್ ವೈರಿಗೂ ಬ್ಯಾಟರಿಯ ಮೈನಸ್ಸಿಗೂ ನಡುವೆ ವೋಲ್ಟ್ ಅಳೆಯಿರಿ. 0.2ಕ್ಕಿಂತ ಹೆಚ್ಚಿದ್ದರೆ ಬಣ್ಣ ಕೆರೆದು ಗಾಡಿಯ ಲೋಹದ ಬಾಡಿಯಿಂದ ಹೊಸ ಅರ್ಥ್ ಕೊಡಿ.

ಸ್ಪೀಕರ್ ಜೋಡಿಗಳನ್ನು ಓಮ್‌ನಲ್ಲಿ ನೋಡಿದರೆ 4 ಓಮ್ ಸ್ಪೀಕರ್ 3.2ರಿಂದ 4 ತೋರಿಸುತ್ತದೆ. ಏನೂ ತೋರಿಸದಿದ್ದರೆ ಕಾಯಿಲ್ ಹೋಗಿದೆ, ಇಲ್ಲವೇ ಬಾಗಿಲ ಸಂದಿನ ರಬ್ಬರ್ ಕೊಳವೆಯೊಳಗೆ ವೈರ್ ತುಂಡಾಗಿದೆ. ಹತ್ತು ವರ್ಷ ದಾಟಿದ ಗಾಡಿಯಲ್ಲಿ ಆ ಜಾಗವನ್ನೇ ಮೊದಲು ನೋಡಬೇಕು. ಎರಡೂ ತುದಿಗೂ ಗಾಡಿಯ ಬಾಡಿಗೂ ನಡುವೆ ಮೀಟರ್ ಇಟ್ಟು ನೋಡಿ, ಒಂದಕ್ಕೂ ಸಂಪರ್ಕ ಇರಬಾರದು. ಹೊಸ ಸೆಟ್ಟಿನ ಐಸಿ (ಸದ್ದು ಹೆಚ್ಚಿಸುವ ಚಿಪ್) ಪ್ಲಸ್, ಮೈನಸ್ ಎರಡು ತಂತಿಯನ್ನೂ ಓಡಿಸುತ್ತದೆ. ಎರಡರಲ್ಲೂ ಬ್ಯಾಟರಿಯ ಅರ್ಧದಷ್ಟು, ಸುಮಾರು 6 ವೋಲ್ಟ್ ನಿಂತಿರುತ್ತದೆ. ಬಹಳ ಹಳೆಯ ಗಾಡಿಗಳಲ್ಲಿ ಸ್ಪೀಕರಿನ ಮೈನಸ್ ಬಾಡಿಗೇ ಕಟ್ಟಿರುತ್ತಿದ್ದರು. ಅದನ್ನು ಹಾಗೇ ಬಿಟ್ಟರೆ ಐಸಿ ಹೋಗುತ್ತದೆ, ವಾರಂಟಿಯೂ ಸಿಗುವುದಿಲ್ಲ. ಅಂಥ ಗಾಡಿಗೆ ಸ್ಪೀಕರ್ ವೈರ್ ಹೊಸದಾಗಿ ಎಳೆಯುವುದೊಂದೇ ದಾರಿ. ಪ್ಲಸ್ ಮೈನಸ್ ಗುರುತಿಸಲು 1.5 ವೋಲ್ಟ್ ಸೆಲ್ಲನ್ನು ಒಂದು ಕ್ಷಣ ಮುಟ್ಟಿಸಿ: ಕೋನ್ ಹೊರಗೆ ಬಂದರೆ ಸೆಲ್ಲಿನ ಪ್ಲಸ್ ಕಡೆಯೇ ಸ್ಪೀಕರಿನ ಪ್ಲಸ್. ಒಂದು ಸ್ಪೀಕರ್ ತಿರುವುಮುರುವಾದರೂ ಬೇಸ್ ಎಲ್ಲೋ ಮಾಯವಾಗುತ್ತದೆ, ಗಿರಾಕಿ ಸೆಟ್ಟನ್ನು ಬೈಯುತ್ತಾರೆ. ಡಬ್ಬಿಯ ಮೇಲೆ 4×50 ವ್ಯಾಟ್ ಎಂದಿರುತ್ತದೆ. 14.4 ವೋಲ್ಟಿನಲ್ಲಿ 4 ಓಮಿಗೆ ಒಡೆಯದ ಸದ್ದಾಗಿ ಸಿಗುವುದು ಲೆಕ್ಕದಲ್ಲೇ 26 ವ್ಯಾಟಿಗಿಂತ ಕಡಿಮೆ, ನಿಜದಲ್ಲಿ 15ರಿಂದ 20. ಇದನ್ನು ಮೊದಲೇ ಹೇಳುವುದು ಮರ್ಯಾದೆ.

ಎಫ್ಎಂ ದೂರಿಗೆ ಬರೋಣ. ಮಾಡಿನ ಮೇಲೆ ಗಿಡ್ಡ ಆಂಟೆನಾ ಇರುವ ಗಾಡಿಗಳಲ್ಲಿ ಬಹಳಷ್ಟಕ್ಕೆ ಅದರ ಬುಡದಲ್ಲಿ ಒಂದು ಪುಟ್ಟ ಬೂಸ್ಟರ್ ಇರುತ್ತದೆ. ಅದಕ್ಕೆ 12 ವೋಲ್ಟ್ ಕೊಡುತ್ತಿದ್ದುದು ಕಂಪನಿ ಸೆಟ್. ಹೊಸ ಸೆಟ್ಟಿನ ನೀಲಿ ವೈರನ್ನು ಟೇಪ್ ಸುತ್ತಿ ಹಾಗೇ ಬಿಟ್ಟರೆ ಹಾಸನ ಊರೊಳಗೆ ಏನೂ ಗೊತ್ತಾಗುವುದಿಲ್ಲ. ಸಕಲೇಶಪುರದ ಕಡೆ ಗುಡ್ಡಗಳ ನಡುವೆ ಹೋದಾಗ ಬರೀ ಗರಗರ. ಕೆಲವು ಗಾಡಿಗಳಲ್ಲಿ ಬೂಸ್ಟರಿನ ಸಪ್ಲೈ ಆಂಟೆನಾ ಕೇಬಲ್ಲಿನೊಳಗೇ ಹೋಗುತ್ತದೆ, ಅಲ್ಲಿ ನೀಲಿ ವೈರ್ ಇರುವ ಆಂಟೆನಾ ಅಡಾಪ್ಟರ್ ಹಾಕಬೇಕು. ಕಡಿಮೆ ಬೆಲೆಯ ಯುಎಸ್‌ಬಿ ಚಾರ್ಜರ್, ಡ್ಯಾಶ್‌ಕ್ಯಾಮ್ ಕೂಡ ಎಫ್ಎಂ ಹಾಳುಮಾಡುತ್ತವೆ. ಅವನ್ನು ಕಿತ್ತು ಒಮ್ಮೆ ಕೇಳಿ ಆಮೇಲೆ ತೀರ್ಮಾನಕ್ಕೆ ಬನ್ನಿ. ಮಲೆನಾಡಿನ ಮಳೆ ತಿಂದ ಗಾಡಿಯಾದರೆ ಆಂಟೆನಾ ಬುಡದ ರಬ್ಬರ್ ಸೀಳಿ ನೀರು ಇಳಿದಿರುವುದೂ ಉಂಟು.

ಬ್ಯಾಟರಿ ಕೂರುವ ದೂರು ಆಂಡ್ರಾಯ್ಡ್ ಸೆಟ್ಟುಗಳದ್ದು. ಬೇಗ ಆನ್ ಆಗಲೆಂದು ಅವು ಕೀ ತೆಗೆದ ಮೇಲೂ ಅರೆನಿದ್ದೆಯಲ್ಲಿರುತ್ತವೆ. ಗಾಡಿ ಮಲಗಿದಾಗ ಒಟ್ಟು 50 ಮಿಲಿ ಆಂಪಿಯರಿನೊಳಗೆ ಎಳೆದರೆ ಚಿಂತೆಯಿಲ್ಲ. ಸೆಟ್ ಸರಿಯಾಗಿ ಮಲಗದೆ 300 ಎಳೆಯುತ್ತಿದ್ದರೆ ದಿನಕ್ಕೆ 7.2 ಆಂಪಿಯರ್ ಅವರ್; 35ರ ಬ್ಯಾಟರಿ ಮೂರು ದಿನಕ್ಕೆ ಅರ್ಧಕ್ಕಿಂತ ಹೆಚ್ಚು ಖಾಲಿ. ದಿನಾ ಓಡುವ ಗಾಡಿಯಲ್ಲಿ ಇದು ಗೊತ್ತಾಗುವುದೇ ಇಲ್ಲ, ತೋಟದ ಮನೆಯಲ್ಲಿ ವಾರಗಟ್ಟಲೆ ನಿಲ್ಲುವ ಗಾಡಿಯಲ್ಲಿ ಗೊತ್ತಾಗುತ್ತದೆ. ಅಳೆಯಲು ಮೀಟರನ್ನು 10 ಆಂಪಿಯರಿಗೆ ಇಟ್ಟು ಬ್ಯಾಟರಿಯ ಮೈನಸ್ ಟರ್ಮಿನಲ್ಲಿಗೂ ಅದರಿಂದ ಬಿಚ್ಚಿದ ಕೇಬಲ್ಲಿಗೂ ನಡುವೆ ಸೇರಿಸಿ, ಬಾಗಿಲು ಮುಚ್ಚಿ ಅರ್ಧ ಗಂಟೆ ಬಿಡಿ. ಆ ಹೊತ್ತಿನಲ್ಲಿ ಗಾಡಿ ಸ್ಟಾರ್ಟ್ ಮಾಡಬೇಡಿ, ಮೀಟರಿನ ಫ್ಯೂಸ್ ಹೋಗುತ್ತದೆ. ಸೆಟ್ಟಿನ ಫ್ಯೂಸ್ ಕಿತ್ತು ಮತ್ತೆ ನೋಡಿದರೆ ವ್ಯತ್ಯಾಸವೇ ಉತ್ತರ. ಸೆಟ್ಟಿಂಗಿನಲ್ಲಿ ಅರೆನಿದ್ದೆಯ ಸಮಯ ಕಡಿಮೆ ಮಾಡಿದರೆ ಬಹುಪಾಲು ಸರಿಹೋಗುತ್ತದೆ. ತೋಟದ ಗಾಡಿಗೆ ನಮ್ಮ ಸಲಹೆ ಪೂರ್ತಿ ಆಂಡ್ರಾಯ್ಡ್ ಸೆಟ್ ಅಲ್ಲ, ಫೋನ್ ಜೋಡಿಸಿಕೊಂಡು ಆಂಡ್ರಾಯ್ಡ್ ಆಟೋ, ಕಾರ್‌ಪ್ಲೇ ಓಡಿಸುವ ಸಾದಾ ಟಚ್ ಸೆಟ್. ಮ್ಯಾಪ್ ಫೋನಿನಲ್ಲೇ ಇಳಿಸಿಟ್ಟರೆ ಚಾರ್ಮಾಡಿಯಲ್ಲಿ ನೆಟ್‌ವರ್ಕ್ ಇಲ್ಲದಿದ್ದರೂ ದಾರಿ ತೋರಿಸುತ್ತದೆ.

ಜೋಡಣೆಗೆ ಆ ಗಾಡಿಯ ಮಾದರಿಯದೇ ಕಪ್ಲರ್ ಕೊಳ್ಳಿ. ಕೆಲವು ನೂರು ರೂಪಾಯಿ ಉಳಿಸಲು ಕಂಪನಿ ವೈರ್ ಕತ್ತರಿಸಿದರೆ ಗಾಡಿಯ ಎಲೆಕ್ಟ್ರಿಕಲ್ ವಾರಂಟಿಗೇ ತಕರಾರು ಬರುತ್ತದೆ. ತಿರುಚಿ ಟೇಪ್ ಸುತ್ತುವುದು ಬೇಡವೇ ಬೇಡ. ಬಿಸಿಲಿಗೆ ಟೇಪಿನ ಅಂಟು ಕರಗಿ ಜಾರುತ್ತದೆ, ಮಳೆಗಾಲದ ಥಂಡಿಗೆ ತಾಮ್ರ ಹಸಿರಾಗುತ್ತದೆ, ವಾಲ್ಯೂಮ್ ಏರಿಸಿದಾಗ ಸೆಟ್ ತಾನೇ ಆಫ್ ಆಗಿ ಆನ್ ಆಗುತ್ತದೆ. ಬೆಸುಗೆ ಹಾಕಿ ಹೀಟ್ ಶ್ರಿಂಕ್ ಎಳೆಯಿರಿ, ಇಲ್ಲವೇ ಸರಿಯಾದ ಅಳತೆಯ ಕ್ರಿಂಪ್ ಮಾಡಿ. ಹೊಸ ಸಪ್ಲೈ ವೈರ್ ಎಳೆದರೆ 1.5 ಚದರ ಮಿಲಿಮೀಟರಿನದು ಸಾಕು. ಅನೇಕ ಗಾಡಿಗಳಲ್ಲಿ ರೂಮ್ ಲ್ಯಾಂಪಿಗೂ ಸೆಟ್ಟಿಗೂ ಒಂದೇ ಫ್ಯೂಸ್; ಕೆಲಸ ಮುಗಿದ ಮೇಲೆ ರೂಮ್ ಲ್ಯಾಂಪ್ ಹತ್ತುತ್ತಿಲ್ಲವೆಂದರೆ ಎಲ್ಲೋ ಶಾರ್ಟ್ ಆಗಿದೆ ಎಂದೇ ತಿಳಿಯಿರಿ.

ಬಿ.ಎಂ. (ಬೆಂಗಳೂರು-ಮಂಗಳೂರು) ರಸ್ತೆಯಲ್ಲಿ ಓಡುವ ಲಾರಿಗಳದ್ದು ಬೇರೆ ಲೆಕ್ಕ, ಅವು 24 ವೋಲ್ಟ್. ಎರಡು ಬ್ಯಾಟರಿಯಲ್ಲಿ ಒಂದರಿಂದಲೇ 12 ತೆಗೆದರೆ ಒಂದು ಬತ್ತುತ್ತದೆ, ಇನ್ನೊಂದು ಹೆಚ್ಚು ಚಾರ್ಜಾಗಿ ಕುದಿಯುತ್ತದೆ. 24ರಿಂದ 12ಕ್ಕಿಳಿಸುವ ಕನ್ವರ್ಟರ್ ಹಾಕಲೇಬೇಕು.

ಅಳತೆ ವಿಚಾರ ಚಿಕ್ಕದು. ಡಿನ್ ಎಂದರೆ ಸೆಟ್ಟಿನ ಮುಖದ ಅಳತೆ: ಒಂದು ಡಿನ್ 180×50 ಮಿಲಿಮೀಟರ್, ಎರಡು ಡಿನ್ 180×100. ಟೊಯೊಟಾದ ಬಾಯಿ 200 ಅಗಲ, ಬದಿಗೆ ಪಟ್ಟಿ ಬೇಕು. ಪಕ್ಕದ ಸ್ಕ್ರೂ 5 ಮಿಲಿಮೀಟರ್ ದಪ್ಪ, ಉದ್ದ 8 ಮೀರಬಾರದು. ಮೀರಿದರೆ ತುದಿ ಸೆಟ್ಟಿನೊಳಗಿನ ಬೋರ್ಡಿಗೆ ತಾಗುತ್ತದೆ. 9 ಇಂಚಿನ ತೆಳು ಸೆಟ್ಟುಗಳಿಗೆ ಹಿಂದಿನಿಂದ ಆಧಾರ ಇರುವುದಿಲ್ಲ, ತೋಟದ ರಸ್ತೆಯಲ್ಲಿ ಕಟಕಟ ಎನ್ನುತ್ತವೆ. ಹಿಂದೆ ಒಂದು ಲೋಹದ ಪಟ್ಟಿ ಕೊಟ್ಟು, ವೈರ್ ಗುಂಪಿಗೆ ಬಟ್ಟೆ ಟೇಪ್ ಸುತ್ತಿ.

ರಿವರ್ಸ್ ಕ್ಯಾಮೆರಾಕ್ಕೆ ಸಪ್ಲೈ ರಿವರ್ಸ್ ಲೈಟಿನಿಂದ, ಅದರದೇ ಒಂದು ಎಳೆ ಸೆಟ್ಟಿನ ರಿವರ್ಸ್ ವೈರಿಗೆ. ಎರಡನೆಯದನ್ನು ಮರೆತರೆ ಗೇರ್ ಹಾಕಿದಾಗ ಚಿತ್ರ ತಾನಾಗಿ ಬರುವುದಿಲ್ಲ.

ಪ್ಯಾನೆಲ್ ಒತ್ತಿ ಕೂರಿಸುವ ಮೊದಲು ಎಲ್ಲ ನೇತಾಡುತ್ತಿರುವಾಗಲೇ ಬೆಳಗಿನ ಪಟ್ಟಿ ಹಿಡಿದು ಮತ್ತೆ ಒಂದೊಂದೇ ನೋಡಿ: ನಾಲ್ಕು ಸ್ಪೀಕರ್, 102.2, ಪಾರ್ಕ್ ಲೈಟ್, ಸ್ಟೀರಿಂಗ್ ಬಟನ್, ರಿವರ್ಸ್, ಹಜಾರ್ಡ್, ಎಸಿ ಪ್ಯಾನೆಲಿನ ಬೆಳಕು, ಸ್ಪೀಡ್ ಮೀಟರ್ ಇರುವ ಫಲಕದಲ್ಲಿ ಏರ್‌ಬ್ಯಾಗ್ ದೀಪ ಹತ್ತಿ ಆರುತ್ತದೆಯೇ. ಸೆಲ್ಫ್ ಹೊಡೆಯುವಾಗ ಸೆಟ್ ಒಮ್ಮೆ ಆರಿ ಹತ್ತುವುದು ಸಹಜ. ಹಳೆ ಸೆಟ್, ಅದರ ಬ್ರಾಕೆಟ್, ಸ್ಕ್ರೂಗಳು, ಕೋಡ್ ಬರೆದ ಚೀಟಿ ಎಲ್ಲವನ್ನೂ ಒಂದೇ ಡಬ್ಬಿಗೆ ಹಾಕಿ ಗಿರಾಕಿಗೇ ಕೊಡಿ. ಯಾವ ವೈರ್ ಯಾವುದಕ್ಕೆ ಹೋಗಿದೆ ಎಂದು ಬರೆದ ಹಾಳೆಯನ್ನು ಗ್ಲೋವ್ ಬಾಕ್ಸಿನಲ್ಲಿ ಇಡಿ.