ಸಲೆಂಟೊದಲ್ಲಿ ನಾಲ್ಕು ರಾತ್ರಿ

ಕೊಲಂಬಿಯಾದ ಸಲೆಂಟೊ ಬಗ್ಗೆ ಯಾರನ್ನು ಕೇಳಿದರೂ ಒಂದೇ ಮಾತು. ಎರಡು ದಿನ ಸಾಕು, ಕೊಕೊರಾ ಕಣಿವೆ ನೋಡಿ, ಒಂದು ಕಾಫಿ ತೋಟ ನೋಡಿ, ಹೊರಡಿ. ನಾನೂ ಹಾಗೇ ಲೆಕ್ಕ ಹಾಕಿಕೊಂಡು ಹೋದವನು. ಎರಡನೇ ದಿನ ಸಂಜೆ ಊಟ ಮುಗಿಸಿ ಬರುವಾಗ ಒಂದು ಶೆಡ್ಡಿನಿಂದ ಢಂ ಅಂತ ಸದ್ದು ಬಂತು, ಹಿಂದೆಯೇ ಜನ ಕೂಗಿದರು. ಇಣುಕಿ ನೋಡಿದೆ. ಮರುದಿನದ ಬಸ್ಸು ಬಿಟ್ಟು ಇನ್ನೆರಡು ರಾತ್ರಿ ಅಲ್ಲೇ ಉಳಿದೆ. ಆ ಸದ್ದಿನ ವಿಷಯ ಕೊನೆಗೆ ಹೇಳುತ್ತೇನೆ.

ಮೊದಲು ಕಾಗದಪತ್ರ ಮುಗಿಸೋಣ. ಪಾಸ್‌ಪೋರ್ಟಿನಲ್ಲಿ ಅಮೆರಿಕದ ಅಥವಾ ಯುರೋಪಿನ ಷೆಂಗೆನ್ ವೀಸಾ ಇದ್ದು, ಅದಕ್ಕೆ ಕನಿಷ್ಠ 180 ದಿನದ ಅವಧಿ ಇದ್ದರೆ ಭಾರತೀಯರಿಗೆ ಕೊಲಂಬಿಯಾದ ವೀಸಾ ಬೇಕಾಗಿಲ್ಲ. ಅಮೆರಿಕದಲ್ಲಿ ಕೆಲಸ ಮಾಡುವ ನಾನು ಹಾಗೇ ಹೋದೆ. ಇಂಥ ನಿಯಮ ಬದಲಾಗುತ್ತಿರುತ್ತದೆ, ಟಿಕೆಟ್ ತೆಗೆಯುವ ಮುಂಚೆ ಇನ್ನೊಮ್ಮೆ ನೋಡಿಕೊಳ್ಳಿ. ಜನ ಮರೆಯುವುದು ಹಳದಿ ಜ್ವರದ ಲಸಿಕೆಯನ್ನು. ಕೊಲಂಬಿಯಾ ಆ ಜ್ವರದ ದೇಶಗಳ ಪಟ್ಟಿಯಲ್ಲಿದೆ. ಅಲ್ಲಿಂದ ಹೊರಟು ಆರು ದಿನದೊಳಗೆ ಭಾರತಕ್ಕೆ ಬಂದಿಳಿದರೆ ಲಸಿಕೆಯ ಪ್ರಮಾಣಪತ್ರ ಕೇಳುತ್ತಾರೆ, ಇಲ್ಲದಿದ್ದರೆ ಕ್ವಾರಂಟೈನ್. ಚುಚ್ಚಿಸಿಕೊಂಡು ಹತ್ತು ದಿನ ಆದ ಮೇಲಷ್ಟೇ ಆ ಪ್ರಮಾಣಪತ್ರಕ್ಕೆ ಬೆಲೆ. ಕೊನೇ ವಾರಕ್ಕೆ ಇಟ್ಟುಕೊಳ್ಳಬೇಡಿ.

ಸಲೆಂಟೊ ಇರುವುದು ಕಿಂದಿಯೊ ಪ್ರಾಂತ್ಯದಲ್ಲಿ, ಸುಮಾರು 1,900 ಮೀಟರ್ ಎತ್ತರದಲ್ಲಿ. ಹೆಚ್ಚುಕಮ್ಮಿ ಮುಳ್ಳಯ್ಯನಗಿರಿಯ ನೆತ್ತಿಯ ಮೇಲೆ ಒಂದು ಪೇಟೆ ಕಟ್ಟಿದ ಹಾಗೆ. ರಾಜಧಾನಿ ಬೊಗೊಟಾದಿಂದ ಮೊದಲು ಅರ್ಮೇನಿಯಾ ಎಂಬ ಊರಿಗೆ ಹೋಗಬೇಕು. ವಿಮಾನದಲ್ಲಿ ಒಂದು ಗಂಟೆ, ಬಸ್ಸಿನಲ್ಲಿ ಎಂಟು ಗಂಟೆ ಆಸುಪಾಸು. ಲಾ ಲಿನಿಯಾ ಘಾಟಿಯ ಸುರಂಗ 2020ರಲ್ಲಿ ತೆರೆದ ಮೇಲೆ ದಾರಿ ಸುಧಾರಿಸಿದೆ, ಆದರೂ ತಿರುವು ಜಾಸ್ತಿ. ಚಾರ್ಮಾಡಿಯಲ್ಲಿ ಹೊಟ್ಟೆ ತೊಳಸುವವರು ಮಾತ್ರೆ ಇಟ್ಟುಕೊಳ್ಳಿ. ಅರ್ಮೇನಿಯಾ ಬಸ್ ನಿಲ್ದಾಣದಿಂದ ಸಲೆಂಟೊಗೆ ಸಣ್ಣ ಬಸ್ಸುಗಳು ಓಡುತ್ತಲೇ ಇರುತ್ತವೆ, ಮುಕ್ಕಾಲು ಗಂಟೆಯ ದಾರಿ.

ವಾರದ ನಡುವೆ ಹೋಗಿ. ಇದೊಂದನ್ನು ನಾನು ತಪ್ಪು ಮಾಡಿ ಕಲಿತೆ. ಕೊಲಂಬಿಯಾದಲ್ಲಿ ಬಹಳಷ್ಟು ಹಬ್ಬದ ರಜೆಗಳನ್ನು ಸೋಮವಾರಕ್ಕೆ ತಳ್ಳುತ್ತಾರೆ. ಹಾಗೆ ಬರುವ ಮೂರು ದಿನದ ರಜೆಗೆ ‘ಪುಯೆಂತೆ’, ಅಂದರೆ ಸೇತುವೆ, ಅನ್ನುತ್ತಾರೆ. ನಾನು ಇಳಿದದ್ದು ಅಂಥದ್ದೊಂದು ಶನಿವಾರ. ಇಡೀ ಸೀಮೆಯ ಜನ ಅಲ್ಲಿದ್ದರು. ಚೌಕದಲ್ಲಿ ಕಾಲಿಡಲು ಜಾಗವಿಲ್ಲ, ನಾನು ಹೋದ ಎಟಿಎಂನಲ್ಲಿ ದುಡ್ಡು ಖಾಲಿ. ನನ್ನ ಹಾಸ್ಟೆಲಿನವರು ಕಾರ್ಡ್ ತೆಗೆದುಕೊಳ್ಳುವುದಿಲ್ಲ. ಜೇಬಿನಲ್ಲಿದ್ದದ್ದು ಎರಡು ಊಟಕ್ಕಾಗುವಷ್ಟು. ಹಾಸ್ಟೆಲಿನ ಅಜ್ಜಿ ನನ್ನ ಮುಖ ನೋಡಿ ‘ತ್ರಾಂಕಿಲೊ’ ಅಂದರು. ತಲೆ ಕೆಡಿಸಿಕೊಳ್ಳಬೇಡ ಮಗನೇ ಅಂತ ಅರ್ಥ ಮಾಡಿಕೊಂಡೆ. ಬಾಕಿ ತೀರಿಸಿದ್ದು ಮಂಗಳವಾರ. ಎಲ್ಲರಿಗೂ ಅಂಥ ಅಜ್ಜಿ ಸಿಗುವುದಿಲ್ಲ, ಅರ್ಮೇನಿಯಾದಲ್ಲೇ ನಗದು ತೆಗೆದುಕೊಂಡು ಬನ್ನಿ.

ಕೊಕೊರಾ ಕಣಿವೆಗೆ ಚೌಕದಿಂದ ವಿಲ್ಲಿಸ್ ಜೀಪುಗಳು ಹೊರಡುತ್ತವೆ. ಎರಡನೇ ಮಹಾಯುದ್ಧದ ಕಾಲದ ಆ ಮಾದರಿ ಅಲ್ಲಿ ಇನ್ನೂ ಕಾಫಿ ಮೂಟೆ, ಬಾಳೆಗೊನೆ, ಪ್ರವಾಸಿಗರು ಎಲ್ಲವನ್ನೂ ಹೊರುತ್ತದೆ. ಒಳಗೆ ಜಾಗ ತುಂಬಿದರೆ ಹಿಂದಿನ ಮೆಟ್ಟಿಲ ಮೇಲೆ ನಿಂತುಕೊಂಡೇ ಹೋಗುವುದು. ನಮ್ಮ ಕಡೆ ಜೀಪಿನ ಹಿಂದೆ ನೇತಾಡಿ ಶಾಲೆಗೆ ಹೋದವರಿಗೆ ಹೊಸದೇನಲ್ಲ. ಸುಮಾರು 11 ಕಿಲೋಮೀಟರ್, ಅರ್ಧ ಗಂಟೆ. ಬೆಳಿಗ್ಗೆಯ ಮೊದಲ ಜೀಪುಗಳಲ್ಲೇ ಹೋಗಿ. ಮಧ್ಯಾಹ್ನದ ಹೊತ್ತಿಗೆ ಮೋಡ ಇಳಿದು ಮರಗಳ ತಲೆ ನುಂಗಿಬಿಡುತ್ತದೆ.

ಆ ಮರಗಳನ್ನು ನೋಡಲೆಂದೇ ಜನ ಬರುವುದು. ಮೇಣದ ತಾಳೆ, ಕೊಲಂಬಿಯಾದ ರಾಷ್ಟ್ರೀಯ ಮರ. 50 ಮೀಟರ್ ಮೀರಿ ಬೆಳೆಯುತ್ತದೆ, ಜಗತ್ತಿನ ತಾಳೆಗಳಲ್ಲೆಲ್ಲ ಎತ್ತರದ್ದು. ನಮ್ಮ ಅಡಿಕೆ ಮರವನ್ನು ಯಾರೋ ಹಿಡಿದು ಮೂರು ಪಾಲು ಎಳೆದ ಹಾಗಿರುತ್ತದೆ. ಹಸಿರು ಹುಲ್ಲುಗಾವಲಿನಲ್ಲಿ ಒಂದೊಂದೇ ನಿಂತಿರುವುದು ಫೋಟೋದಲ್ಲಿ ಚಂದ. ಹತ್ತಿರ ಹೋಗಿ ಬುಡದಲ್ಲಿ ಹುಡುಕಿದರೆ ಸಸಿಯೇ ಕಾಣುವುದಿಲ್ಲ. ಮೊದಲು ಅದೆಲ್ಲ ಕಾಡು. ಕಾಡು ಕಡಿದು ದನಕ್ಕೆ ಹುಲ್ಲು ಮಾಡಿದರು, ಮೊಳೆತದ್ದನ್ನು ದನ ಮೇಯುತ್ತದೆ. ಈಗ ನಿಂತಿರುವುದೆಲ್ಲ ಹಳೇ ಮರಗಳು.

ಇಡೀ ಸುತ್ತು ಸುಮಾರು 12 ಕಿಲೋಮೀಟರ್, ಐದಾರು ಗಂಟೆ. ಎಡಸುತ್ತು ಹೋಗಬೇಕೋ ಬಲಸುತ್ತೋ ಎಂದು ಹಾಸ್ಟೆಲಿನಲ್ಲಿ ದೊಡ್ಡ ಚರ್ಚೆ. ನಾನು ಬಲಗಡೆಯ ನೀಲಿ ಗೇಟಿನಿಂದ ಒಳಹೊಕ್ಕೆ. ಮೊದಲು ಹುಲ್ಲುಗಾವಲು, ಆಮೇಲೆ ಹೊಳೆ ಪಕ್ಕದ ಕಾಡು, ತೂಗುಸೇತುವೆಗಳು, ಕೊನೆಗೆ 2,860 ಮೀಟರಿನ ಲಾ ಮೊಂತಾನ್ಯಾ ಏರಿ, ತಾಳೆಗಳ ನಡುವೆ ಇಳಿಯುವುದು. ನಡಿಗೆ ಮಜವಾಗಿತ್ತು. ಆದರೆ ನಾನು ತಾಳೆಗಳ ಹತ್ತಿರ ಬರುವಷ್ಟರಲ್ಲಿ ಮೋಡ ಬಂದಾಗಿತ್ತು. ನಿಮಗೆ ಮರವೇ ಮುಖ್ಯ ಅಂತಾದರೆ ಉಲ್ಟಾ ಹೋಗಿ, ಬೆಳಗಿನ ಬಿಸಿಲಲ್ಲೇ ಅವನ್ನು ನೋಡಿಬಿಡಿ. ದಾರಿಯಲ್ಲಿ ಜಾಗದ ಮಾಲೀಕರು ಅಲ್ಲಲ್ಲಿ ಪ್ರವೇಶದ ದುಡ್ಡು ಕೇಳುತ್ತಾರೆ. ಚಿಲ್ಲರೆ ಇರಲಿ. ಕಾಡಿನ ಭಾಗದಲ್ಲಿ ಕುದುರೆಗಳು ತುಳಿದ ಕೆಸರು ಮೊಣಕಾಲ ತನಕ. ಶುರುವಿನಲ್ಲೇ ಗಂಬೂಟು ಬಾಡಿಗೆಗೆ ಸಿಗುತ್ತದೆ. ನನ್ನ ದುಬಾರಿ ಟ್ರೆಕ್ಕಿಂಗ್ ಶೂ ಇದೆಯಲ್ಲ ಅಂತ ಬೇಡ ಅಂದೆ. ಎರಡನೇ ಸೇತುವೆಯ ಆಚೆ ಒಂದು ಶೂ ಕೆಸರಿನಲ್ಲೇ ಉಳಿದು ಕಾಲು ಮಾತ್ರ ಮೇಲೆ ಬಂತು. ನೀವು ಗಂಬೂಟೇ ಹಾಕಿ.

ನಡುವೆ ಅಕಾಯ್ಮೆ ಅಂತ ಒಂದು ಮನೆಗೆ ಕವಲು ದಾರಿ ಇದೆ. ಬಿಡಬೇಡಿ. ಅಲ್ಲಿ ಹಮ್ಮಿಂಗ್‌ಬರ್ಡ್‌ಗಳಿಗೆ ಸಕ್ಕರೆ ನೀರು ಇಟ್ಟಿರುತ್ತಾರೆ. ನಮ್ಮ ಸೂರಕ್ಕಿಯಷ್ಟೇ ಗಾತ್ರ, ಆದರೆ ಗಾಳಿಯಲ್ಲಿ ನಿಂತಲ್ಲೇ ನಿಲ್ಲುತ್ತದೆ, ಕಿವಿ ಪಕ್ಕದಲ್ಲಿ ಹೋದರೆ ಜೀರುಂಡೆ ಹಾರಿದ ಸದ್ದು. ಅಲ್ಲಿ ಕೊಡುವ ಅಗ್ವಾಪನೆಲಾ ಕುಡಿಯಿರಿ. ಹೆಸರು ಉದ್ದ, ವಸ್ತು ನಮ್ಮದೇ. ಬಿಸಿನೀರಲ್ಲಿ ಕರಗಿಸಿದ ಬೆಲ್ಲ. ಜೊತೆಗೆ ಒಂದು ತುಂಡು ಬಿಳಿ ಚೀಸ್ ಕೊಡುತ್ತಾರೆ, ಅದನ್ನು ಲೋಟದೊಳಗೇ ಹಾಕಿಕೊಂಡು ತಿನ್ನುವುದು. ಬೆಲ್ಲದ ಪಾನಕದಲ್ಲಿ ಚೀಸಾ ಅಂತ ಮೂಗು ಮುರಿದೆ, ಎರಡನೇ ಲೋಟ ಕೇಳಿದೆ.

ಊಟದ ವಿಷಯದಲ್ಲಿ ಸಸ್ಯಾಹಾರಿಗಳು ಸ್ವಲ್ಪ ಜಾಣರಾಗಬೇಕು. ಊರಿನ ಹೆಸರಾದ ಅಡುಗೆ ತ್ರುಚಾ, ಅಂದರೆ ಟ್ರೌಟ್ ಮೀನು. ಅದರ ಜೊತೆ ತಟ್ಟೆಯಗಲದ ಪತಕೋನ್ ಬರುತ್ತದೆ. ಕಾಯಿಬಾಳೆಯನ್ನು ಚಪ್ಪಟೆ ತಟ್ಟಿ ಕರಿದದ್ದು, ಮೀನು ಬೇಡದವರು ಅದನ್ನೇ ತರಿಸಿಕೊಳ್ಳಬಹುದು. ‘ಸಿನ್ ಕಾರ್ನೆ’, ಮಾಂಸ ಬೇಡ, ಅಂದರೆ ಕೋಳಿ ಹಾಕಿ ತರುತ್ತಾರೆ. ಕಾರ್ನೆ ಅಂದರೆ ಅವರಿಗೆ ದನ, ಹಂದಿ ಅಷ್ಟೇ. ‘ಸಿನ್ ಪೊಯ್ಯೊ’, ಕೋಳಿ ಬೇಡ, ಅಂತಲೂ ಸೇರಿಸಿ. ಕಾಳಿನ ಸಾರಿಗೂ ಹಂದಿ ಬಿದ್ದಿರಬಹುದು, ಕೇಳಿ. ಖಾರ ಕಡಿಮೆ, ಚಟ್ನಿಪುಡಿ ಒಯ್ಯಿರಿ.

ಕಾಫಿ ತೋಟಕ್ಕೆ ಊರಿನಿಂದ ಇಳಿಜಾರಿನಲ್ಲಿ ನಡೆದೇ ಹೋಗಬಹುದು, ಒಂದು ಗಂಟೆ ಚಿಲ್ಲರೆ. ವಾಪಸ್ ಬರಲು ಜೀಪು ಸಿಗುತ್ತದೆ. ದೊಡ್ಡ ತೋಟಗಳಲ್ಲಿ ಇಂಗ್ಲಿಷಿನಲ್ಲಿ ವಿವರಿಸುತ್ತಾರೆ. ನಾನು ಬೇಕೆಂದೇ ಸಣ್ಣದೊಂದಕ್ಕೆ ಹೋದೆ. ನಮ್ಮದೂ ಮೂಡಿಗೆರೆ ಕಡೆ ನಾಲ್ಕು ಎಕರೆ ತೋಟ, ಕಾಫಿ ಬಗ್ಗೆ ನನಗೇನು ಹೇಳುತ್ತಾರೆ ಅನ್ನುವ ಗರ್ವ ಇತ್ತು. ಹೋಗಿ ನಿಂತರೆ ತಲೆ ಮೇಲೆ ನೆರಳಿನ ಮರವೇ ಇಲ್ಲ. ಸಿಲ್ವರ್ ಓಕ್ ಇಲ್ಲ, ಮೆಣಸಿನ ಬಳ್ಳಿ ಇಲ್ಲ, ನಡುನಡುವೆ ಬಾಳೆ ಅಷ್ಟೇ. ಒಂದೇ ಗಿಡದಲ್ಲಿ ಹೂವು, ಕಾಯಿ, ಹಣ್ಣು ಮೂರೂ! ಸಮಭಾಜಕದ ಹತ್ತಿರ ಇರುವುದರಿಂದ ವರ್ಷಕ್ಕೆ ಎರಡು ಮಳೆಗಾಲ, ಎರಡು ಕುಯ್ಲು. ಮಾರ್ಚಿನಲ್ಲಿ ಕಾಫಿ ಹೂ ಬಿಡಿಸುವ ಹೂಮಳೆಗೆ ಆಕಾಶ ನೋಡುತ್ತಾ ಕೂರುವ ನಮ್ಮಪ್ಪನಿಗೆ ಹೇಳಿದರೆ ನಂಬಲಿಕ್ಕಿಲ್ಲ ಅನಿಸಿತು.

ತೋಟದ ಯಜಮಾನರು ಗಿಡ ತೋರಿಸಿ ‘ಕಾಸ್ತಿಯೊ’ ಅಂದರು. ಎಲೆ ತುಕ್ಕು ರೋಗ ತಡೆಯಲು ಅಲ್ಲಿನ ಸಂಶೋಧಕರು ಮಾಡಿದ ತಳಿ. ಕತುರ್ರಾ ಮತ್ತು ತಿಮೋರ್ ಹೈಬ್ರಿಡ್‌ಗಳನ್ನು ಕೂಡಿಸಿ ಬಂದದ್ದು. ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರದಿಂದ ಬಂದ ನಮ್ಮ ‘ಕಾವೇರಿ’ ತಳಿಯ ಅಪ್ಪ ಅಮ್ಮನೂ ಅವೇ. ಮೊಬೈಲಿನ ಅನುವಾದದಲ್ಲಿ ಇದನ್ನು ಹೇಳಿದೆ. ಯಜಮಾನರು ಎರಡು ಸಲ ಓದಿ, ಮಗಳನ್ನು ಕರೆದು ಅವಳಿಗೂ ಓದಿಸಿ, ನನ್ನ ಬೆನ್ನು ತಟ್ಟಿದರು. ಆಮೇಲೆ ನಾವಿಬ್ಬರೂ ಅರ್ಧ ಗಂಟೆ ಮಾತಾಡಿದ್ದು ಕುಯ್ಲಿಗೆ ಆಳು ಸಿಗುವುದಿಲ್ಲ ಅನ್ನುವ ವಿಷಯ. ಅಂದಹಾಗೆ ಪೇಟೆಯಲ್ಲಿ ಎಲ್ಲ ಕಡೆ ಸಿಗುವ ಕಪ್ಪು ಕಾಫಿ ‘ತಿಂತೊ’ದ ಮೇಲೆ ಜಾಸ್ತಿ ಆಸೆ ಇಡಬೇಡಿ. ಒಳ್ಳೇ ಬೀಜ ಹಡಗು ಹತ್ತುತ್ತದೆ. ಅದೂ ನಮ್ಮ ಕಥೆಯೇ ಅಲ್ವಾ.

ಈಗ ಆ ಶೆಡ್ಡು. ಆಟದ ಹೆಸರು ತೆಹೊ. ಯುರೋಪಿನವರು ಬರುವ ಮುಂಚಿನಿಂದ ಬಂದದ್ದು ಎನ್ನುತ್ತಾರೆ, 2000ದಲ್ಲಿ ಕಾನೂನು ಮಾಡಿ ಅದನ್ನು ರಾಷ್ಟ್ರೀಯ ಕ್ರೀಡೆ ಅಂತ ಘೋಷಿಸಿದರು. ಓರೆಯಾಗಿ ನಿಲ್ಲಿಸಿದ ಪೆಟ್ಟಿಗೆಯಲ್ಲಿ ಹಸಿ ಜೇಡಿಮಣ್ಣು. ನಡುವೆ ಒಂದು ಕಬ್ಬಿಣದ ಬಳೆ. ಬಳೆಯ ಮೇಲೆ ಸಿಡಿಮದ್ದು ತುಂಬಿದ ತ್ರಿಕೋನದ ಕಾಗದದ ಪೊಟ್ಟಣಗಳು, ಅವಕ್ಕೆ ‘ಮೆಚಾ’ ಅನ್ನುತ್ತಾರೆ. ಪೆಟ್ಟಿಗೆಯತ್ತ ಎಸೆಯುವ ಕಬ್ಬಿಣದ ಬಿಲ್ಲೆ ಮುಕ್ಕಾಲು ಕಿಲೋಗೆ ಸ್ವಲ್ಪ ಕಡಿಮೆ. ಪಂದ್ಯದ ದೂರ 19.5 ಮೀಟರ್, ನಮ್ಮಂಥವರಿಗೆ ಅರ್ಧಕ್ಕೆ ಇಳಿಸುತ್ತಾರೆ. ಮಣ್ಣಿನಲ್ಲಿ ಬಳೆಗೆ ಎಲ್ಲರಿಗಿಂತ ಹತ್ತಿರ ಬಿದ್ದರೆ ಒಂದು ಅಂಕ, ಮೆಚಾ ಸಿಡಿದರೆ ಮೂರು, ಬಳೆಯೊಳಗೆ ನೆಟ್ಟರೆ ಆರು, ಎರಡೂ ಒಟ್ಟಿಗೆ ಆದರೆ ಒಂಬತ್ತು. ಮೊದಲು 27 ಮುಟ್ಟಿದವರು ಗೆದ್ದಂತೆ. ನಾನು ಹೋದಲ್ಲಿ ಬಿಯರ್ ಕೊಂಡರೆ ಆಟಕ್ಕೆ ಬೇರೆ ದುಡ್ಡು ಇರಲಿಲ್ಲ, ಕುಡಿಯದವರು ಸೋಡಾ ತೆಗೆದುಕೊಂಡರೂ ನಡೆಯುತ್ತದೆ. ಹಳೇ ಅಂಗಿ ಹಾಕಿಕೊಂಡು ಹೋಗಿ, ಮಣ್ಣು ಮುಖದವರೆಗೂ ಚಿಮ್ಮುತ್ತದೆ. ಬೇರೆಯವರು ಎಸೆಯುವಾಗ ಪೆಟ್ಟಿಗೆಯ ಹತ್ತಿರ ಸುಳಿಯಬೇಡಿ.

ಪಕ್ಕದ ಅಂಕಣದಲ್ಲಿ ಟೋಪಿ ಹಾಕಿದ ಒಬ್ಬ ಅಜ್ಜ ಆಡುತ್ತಿದ್ದರು. ನನ್ನ ಎಸೆತ ನೋಡಲಾರದೆ ಎದ್ದು ಬಂದು ಮಣಿಕಟ್ಟು ಹಿಡಿದು ತಿದ್ದಿದರು. ತೋಳಿನ ಬಲದಿಂದ ಬೀಸಬಾರದು, ಲಗೋರಿ ಚೆಂಡಿನ ಹಾಗಲ್ಲ. ಕೈಯನ್ನು ಕೆಳಗಿನಿಂದ ತೂಗಿ, ಬಿಲ್ಲೆಯನ್ನು ಎತ್ತರಕ್ಕೆ ಬಿಟ್ಟು ಅದರಷ್ಟಕ್ಕೇ ಇಳಿಯಲು ಬಿಡಬೇಕು. ಮೂರು ಸಂಜೆ ಅದನ್ನೇ ಮಾಡಿದೆ. ಬಿಲ್ಲೆ ಹಲಗೆಗೆ ಬಡಿಯಿತು, ನೆಲಕ್ಕೆ ಬಿತ್ತು, ಒಂದು ಸಲ ಪಕ್ಕದವರ ಮಣ್ಣಿಗೂ ಹೋಯಿತು. ನಾಲ್ಕನೇ ರಾತ್ರಿ ಅಜ್ಜ ಒಂದು ಪೂರ್ತಿ ಆಟಕ್ಕೆ ಕರೆದರು. ನಡುವೆ ಎಲ್ಲೋ ನನ್ನ ಕೈಯಿಂದ ಹೋದ ಬಿಲ್ಲೆ ಸುಮ್ನೆ ಇಳಿಯಿತು, ಢಂ ಅಂತು, ಮದ್ದಿನ ವಾಸನೆ ಮೂಗಿಗೆ ಬಂತು, ಇಡೀ ಶೆಡ್ಡು ಕೂಗಿತು. ಆಟ ಮುಗಿದಾಗ ಅಜ್ಜ 27, ನಾನು 3.