ಟೈಪಿಂಗ್ ಎಷ್ಟು ದಿನದಲ್ಲಿ ಬರುತ್ತದೆ?

ಬರುವುದಿಲ್ಲ. ಬರುವುದು ಬಸ್ಸು, ಜ್ವರ, ಜಾತ್ರೆಗೆ ನೆಂಟರು. ಟೈಪಿಂಗ್ ತಾನಾಗಿ ಎದ್ದು ಯಾರ ಮನೆಗೂ ಬಂದದ್ದನ್ನು ನಾನು ಕಂಡಿಲ್ಲ.

ಸಾಗರದಲ್ಲಿ ನನ್ನದೊಂದು ಡಿಟಿಪಿ ಅಂಗಡಿ ಇದೆ. ಲಗ್ನಪತ್ರಿಕೆ, ಬಾಡಿಗೆ ಕರಾರು, ಸಹಕಾರ ಸಂಘದ ವಾರ್ಷಿಕ ವರದಿ, ಶ್ರದ್ಧಾಂಜಲಿಯ ಫ್ಲೆಕ್ಸ್, ಎಲ್ಲವೂ ನಡೆಯುತ್ತದೆ. ಕೌಂಟರಿನ ಆಚೆ ನಿಂತವರು ನನ್ನ ಬೆರಳು ನೋಡುತ್ತಾರೆ, ನಾನು ಅವರ ಕಾಗದ ನೋಡುತ್ತಿರುತ್ತೇನೆ. ಎರಡು ನಿಮಿಷ ಕಳೆಯುವುದರೊಳಗೆ ಶುರು: ‘ನೀವು ಕೀಬೋರ್ಡ್ ನೋಡುವುದೇ ಇಲ್ಲವಲ್ಲ! ಇದು ಎಷ್ಟು ದಿನದಲ್ಲಿ ಬರುತ್ತದೆ?’ ಒಬ್ಬರಿಗೆ ಮಗಳ ಪರೀಕ್ಷೆ ಇದೆ, ಹದಿನೈದು ದಿನದಲ್ಲಿ ಬರಬೇಕು. ಇನ್ನೊಬ್ಬರಿಗೆ ಮಗನ ಬೇಸಿಗೆ ರಜೆ ಮುಗಿಯುವುದರೊಳಗೆ ಬರಬೇಕು. ತಂದೆಯ ವೈಕುಂಠ ಸಮಾರಾಧನೆಯ ಕಾರ್ಡ್ ಮಾಡಿಸಲು ಬಂದವರೊಬ್ಬರು, ತಂದೆಯ ಹೆಸರನ್ನು ನಾನು ಟೈಪ್ ಮಾಡುತ್ತಿರುವಾಗಲೇ ಕೇಳಿದರು. ಅವರಿಗೂ ಉತ್ತರ ಕೊಟ್ಟಿದ್ದೇನೆ. ಇನ್ನು ಬಾಯಿಯಲ್ಲಿ ಹೇಳಲು ಆಗುವುದಿಲ್ಲ, ಬರೆದಿಡುತ್ತೇನೆ.

ದಿನಕ್ಕೆ ಅರ್ಧ ಗಂಟೆ ಅಭ್ಯಾಸ. ಯಾವ ಅಕ್ಷರ ಎಲ್ಲಿದೆ ಎಂದು ಬೆರಳಿಗೆ ಗೊತ್ತಾಗಲು ನನಗೆ ಮೂರು ವಾರ ಹಿಡಿಯಿತು. ನನ್ನದೇ ಹಳೆಯ ವೇಗವನ್ನು ಮುಟ್ಟಲು ನಾಲ್ಕು ತಿಂಗಳು. ಅದನ್ನು ದಾಟಿ ಮುಂದೆ ಹೋಗಲು ಹತ್ತಿರ ಹತ್ತಿರ ಒಂದು ವರ್ಷ. ಇಷ್ಟೇ ಬೇಕಿದ್ದವರು ಇಲ್ಲಿಂದಲೇ ಎದ್ದು ಹೋಗಬಹುದು. ಜೆರಾಕ್ಸ್ ಒಂದು ಪುಟಕ್ಕೆ ಎರಡು ರೂಪಾಯಿ.

ಪ್ರಶ್ನೆಯ ಬಾಲಕ್ಕೆ ಕೆಲವರು ಇನ್ನೊಂದು ಮಾತು ಸೇರಿಸುತ್ತಾರೆ: ‘ನಿಮ್ಮದು ಬಿಡಿ, ಕೈಯಲ್ಲೇ ಏನೋ ಇದೆ.’ ಹೊಗಳಿಕೆ ಎಂದು ತಿಳಿದು ಸುಮ್ಮನಿರಬೇಕಂತೆ. ನಾನು ಕಲಿತದ್ದು 2014ರಲ್ಲಿ, ಮೂವತ್ತೆಂಟನೆಯ ವಯಸ್ಸಿನಲ್ಲಿ. ಅದಕ್ಕೂ ಮೊದಲು ಹನ್ನೊಂದು ವರ್ಷ ಎರಡೇ ತೋರುಬೆರಳುಗಳಲ್ಲಿ, ಕೋಳಿ ಕಾಳು ಹೆಕ್ಕಿದ ಹಾಗೆ ಕುಟ್ಟಿ ಅನ್ನ ಸಂಪಾದಿಸಿದವಳು. ಕೈಯಲ್ಲಿ ಏನಾದರೂ ಇದ್ದಿದ್ದರೆ ಹನ್ನೊಂದು ವರ್ಷ ಅದು ಎಲ್ಲಿ ಮಲಗಿತ್ತು?

1888ರ ಜುಲೈಯಲ್ಲಿ ಅಮೆರಿಕದ ಸಿನ್ಸಿನಾಟಿಯಲ್ಲಿ ಇಬ್ಬರು ಟೈಪಿಸ್ಟರ ನಡುವೆ ಪಂದ್ಯ ನಡೆದಿತ್ತು. ಒಬ್ಬ ಲೂಯಿ ಟ್ರಾಬ್, ಕೀ ನೋಡಿ ಹೊಡೆಯುವವನು. ಇನ್ನೊಬ್ಬ ಫ್ರಾಂಕ್ ಮೆಕ್‌ಗರಿನ್, ನ್ಯಾಯಾಲಯದ ಶೀಘ್ರಲಿಪಿಕಾರ, ರೆಮಿಂಗ್ಟನ್ ಯಂತ್ರದ ಕೀಗಳ ಜಾಗವನ್ನು ಬಾಯಿಪಾಠ ಮಾಡಿಕೊಂಡಿದ್ದವನು. ಮೆಕ್‌ಗರಿನ್ ಸಲೀಸಾಗಿ ಗೆದ್ದ. ಟ್ರಾಬನ ಕಷ್ಟ ನನಗೆ ಚೆನ್ನಾಗಿ ಅರ್ಥವಾಗುತ್ತದೆ. ಕಾಗದ ನೋಡಬೇಕು, ಕೀ ನೋಡಬೇಕು, ಮತ್ತೆ ಕಾಗದಕ್ಕೆ ಬಂದು ಬಿಟ್ಟ ಜಾಗ ಹುಡುಕಬೇಕು. ಕೈಗಿಂತ ಹೆಚ್ಚಾಗಿ ಕುತ್ತಿಗೆಗೇ ದುಡಿತ.

ಆ ಬಿಟ್ಟ ಜಾಗವೇ ನನ್ನನ್ನು ಮುಳುಗಿಸಿದ್ದು. ಒಂದು ಲಗ್ನಪತ್ರಿಕೆಯಲ್ಲಿ ‘ಶ್ರೀಮತಿ’ ಎಂದು ಶುರುವಾಗುವ ಎರಡು ಸಾಲುಗಳು ಒಂದರ ಕೆಳಗೆ ಒಂದು ಇದ್ದವು. ಕೀಬೋರ್ಡಿನಿಂದ ತಲೆ ಎತ್ತಿದ ನಾನು ಮೊದಲನೆಯ ಶ್ರೀಮತಿಯ ಬದಲು ಎರಡನೆಯ ಶ್ರೀಮತಿಗೆ ಹೋದೆ. ಬಿಟ್ಟುಹೋದದ್ದು ವರನ ಅಜ್ಜಿಯ ಹೆಸರು. ಮುನ್ನೂರು ಪತ್ರಿಕೆ ಅಚ್ಚಾದ ಮೇಲೆ ಅಜ್ಜಿಯೇ ಕನ್ನಡಕ ಹಾಕಿಕೊಂಡು ಕಂಡುಹಿಡಿದರು. ಮರುಮುದ್ರಣದ ಖರ್ಚು ನನ್ನದು. ದುಡ್ಡು ಹೋದದ್ದು ಹಾಗಿರಲಿ, ಆ ಅಜ್ಜಿ ಅಂಗಡಿಗೆ ಬಂದು ಏನೂ ಬೈಯದೆ ಸ್ಟೂಲಿನ ಮೇಲೆ ಹತ್ತು ನಿಮಿಷ ಕುಳಿತು ಎದ್ದು ಹೋದರು. ಅಂದು ರಾತ್ರಿಯೇ ಚಿಕ್ಕಮ್ಮನಿಗೆ ಫೋನ್ ಮಾಡಿದೆ.

ಚಿಕ್ಕಮ್ಮ ಸರ್ಕಾರಿ ಕಚೇರಿಯಲ್ಲಿ ಬೆರಳಚ್ಚುಗಾರ್ತಿಯಾಗಿ ನಿವೃತ್ತಿಯಾದವರು. (ಬೆರಳಚ್ಚು ಎಂದರೆ ಪೊಲೀಸರು ಕಳ್ಳರಿಂದ ತೆಗೆದುಕೊಳ್ಳುವುದೂ ಹೌದು. ಚಿಕ್ಕಪ್ಪ ಈ ತಮಾಷೆಯನ್ನು ಮೂವತ್ತು ವರ್ಷ ಬಿಡಲಿಲ್ಲ.) ಟೈಪ್‌ರೈಟರಿನಲ್ಲಿ ಕನ್ನಡ, ಇಂಗ್ಲಿಷ್ ಎರಡರಲ್ಲೂ ಸೀನಿಯರ್ ಪಾಸು ಮಾಡಿದ್ದರು. ಬಂದವರೇ ನನ್ನ ಎರಡೂ ಕೈಗಳ ಮೇಲೆ ಒಂದು ಟವೆಲ್ ಹೊದಿಸಿದರು. ‘ಬೆರಳು ನೋಡಬೇಡ. ಅವು ಎಲ್ಲಿಗೂ ಓಡಿಹೋಗುವುದಿಲ್ಲ.’ ಆಮೇಲೆ ಇನ್‌ಸ್ಟಿಟ್ಯೂಟಿನ ಮಂತ್ರ: ಎ ಎಸ್ ಡಿ ಎಫ್ ಜಿ ಎಫ್, ಸೆಮಿಕೋಲನ್ ಎಲ್ ಕೆ ಜೆ ಎಚ್ ಜೆ. ಒಂದು ಪುಟ. ಮತ್ತೊಂದು ಪುಟ.

ಎಫ್ ಮತ್ತು ಜೆ ಕೀಗಳ ಮೇಲೆ ಒಂದೊಂದು ಸಣ್ಣ ಉಬ್ಬುಗೆರೆ ಇರುತ್ತದೆ, ತೋರುಬೆರಳುಗಳು ಕಣ್ಣಿಲ್ಲದೆ ತಮ್ಮ ಜಾಗಕ್ಕೆ ಮರಳಲಿ ಎಂದು. ಹನ್ನೊಂದು ವರ್ಷದಲ್ಲಿ ಒಮ್ಮೆ ಅದು ಬೆರಳಿಗೆ ತಗುಲಿದಾಗ ಅನ್ನದ ಅಗುಳು ಅಂಟಿದೆ ಎಂದು ಉಗುರಿನಿಂದ ಕೆರೆದವಳು ನಾನು.

ಅಂಗಡಿಯಲ್ಲಿ ಕನ್ನಡ ಟೈಪಿಂಗಿಗೆ ಬಳಸುವುದು ‘ನುಡಿ’ ತಂತ್ರಾಂಶ, ಅದರಲ್ಲಿರುವುದು ಕೆ. ಪಿ. ರಾವ್ ಅವರು ರೂಪಿಸಿದ ಕೀಲಿಮಣೆ ವಿನ್ಯಾಸ. ಅದರಲ್ಲಿ ಎಡಗೈ ತೋರುಬೆರಳಿನ ಆ ಉಬ್ಬಿನ ಕೆಳಗೇ, ಎಫ್ ಕೀಯಲ್ಲಿ, ಒತ್ತಕ್ಷರ ಕೂಡಿಸುವ ಕೊಂಡಿ ಇದೆ. ಒತ್ತಿಲ್ಲದೆ ಒಂದು ಸಾಲೂ ಸಾಗದ ಭಾಷೆಗೆ ಬೆರಳು ಕದಲಿಸದೆ ಸಿಗುವ ಕಡೆ ಒತ್ತು ಕೊಟ್ಟಿದ್ದಾರೆ. ಆ ಮನುಷ್ಯನಿಗೆ ಮನಸ್ಸಿನಲ್ಲೇ ಕೈ ಮುಗಿದೆ. ನಡುಸಾಲಿನ ಅಕ್ಷರಗಳು ಅ, ಸ, ದ, ಗ, ಹ, ಜ, ಕ, ಲ. ಇಷ್ಟರಲ್ಲೇ ಪದ ಮಾಡಿಕೊಂಡು ಹೊಡೆ ಎಂದರು ಚಿಕ್ಕಮ್ಮ. ಸಿಕ್ಕವು: ಅಜ್ಜ, ಅಕ್ಕ, ಕಲಹ, ಗದ್ದಲ, ಸಹಜ. ಇಡೀ ಸಂಸಾರ ಒಂದೇ ಸಾಲಿನಲ್ಲಿ! ‘ಅಕ್ಕ ಅಜ್ಜ ಗದ್ದಲ ಸಹಜ’ ಎಂದು ಒಂದು ವಾರ ಕುಟ್ಟಿದೆ. ಅಪ್ಪ ಬೇಕಾದರೆ ಮೇಲಿನ ಸಾಲಿಗೆ ಹೋಗಬೇಕು, ಅಮ್ಮ ಕೆಳಗಿನ ಸಾಲಿನಲ್ಲಿ. ಅಣ್ಣನೂ ಕೆಳಗೇ, ಆದರೆ ಅವನಿಗೆ ಎರಡು ಸಲ ಶಿಫ್ಟ್ ಒತ್ತಿ ಉಪಚಾರ ಮಾಡಬೇಕು. ನಮ್ಮ ಮನೆಯ ಸಂಗತಿ ರಾವ್ ಅವರಿಗೆ ಯಾರು ಹೇಳಿದರೋ.

ಆದರೆ ನೀವು ಕೇಳುತ್ತೀರಲ್ಲ, ‘ಎಷ್ಟು’ ಎಂದು, ಆ ಪದವನ್ನೇ ತೆಗೆದುಕೊಳ್ಳಿ. ನೋಡಲು ಎರಡಕ್ಷರ, ಹೊಡೆಯಲು ಐದು ಕೀ, ಅದರಲ್ಲಿ ನಾಲ್ಕು ಎಡಗೈಯದೇ. ಮಧ್ಯದ ಬೆರಳು ಮೇಲೆ ಹೋಗಿ ಎ ತರಬೇಕು, ಉಂಗುರದ ಬೆರಳು ಕೆಳಗಿಳಿದು ಷ ತರಬೇಕು, ತೋರುಬೆರಳು ಒತ್ತು ಕೊಡಬೇಕು, ಕಿರುಬೆರಳು ಮೇಲಿನ ಸಾಲಿನ ಮೂಲೆಗೆ ಚಾಚಿ ಟ ಹಿಡಿಯಬೇಕು. ಏಡಿ ಬಂಡೆ ಹತ್ತಿದ ಹಾಗೆ ಕಾಣುತ್ತದೆ. ನನಗೆ ಕೊನೆಗೆ ಒಲಿದ ಪದಗಳಲ್ಲಿ ಅದೂ ಒಂದು. ದೀರ್ಘ ಸ್ವರಗಳಿಗೆಲ್ಲ ಶಿಫ್ಟ್ ಬೇಕು. ‘ಆ’ ಎನ್ನಲು ಎಡಗೈ ಕಿರುಬೆರಳು ಅ ಮೇಲೆ, ಬಲಗೈ ಕಿರುಬೆರಳು ಶಿಫ್ಟ್ ಮೇಲೆ. ಅಲ್ಲಿಯವರೆಗೆ ಕಿವಿ ತುರಿಸಲು ಬಿಟ್ಟರೆ ಬೇರೆ ಕೆಲಸ ಕಾಣದ ಎರಡು ಬೆರಳುಗಳು ಒಂದೇ ವಾರದಲ್ಲಿ ಜೀತಕ್ಕೆ ಬಿದ್ದವು.

‘ನಿಮಿಷಕ್ಕೆ ಎಷ್ಟು ಪದ?’ ಎಂಬುದು ಉಪಪ್ರಶ್ನೆ. ಇಂಗ್ಲಿಷಿನಲ್ಲಿ ಐದು ಕೀ ಹೊಡೆದರೆ ಒಂದು ಪದ ಎಂದು ಲೆಕ್ಕ. ‘ಮಾಡುತ್ತಿದ್ದೇನೆ’ ಎಂಬ ಒಂದು ಪದಕ್ಕೆ ಹದಿನಾಲ್ಕು ಕೀ, ಜೊತೆಗೆ ಎರಡು ಶಿಫ್ಟ್. ನಿಮಿಷಕ್ಕೆ ಎಷ್ಟು ‘ಮಾಡುತ್ತಿದ್ದೇನೆ’ ಎಂದು ಕೇಳಿ, ಹೇಳುತ್ತೇನೆ. ‘ಈಗ ಮಾತಾಡಿದರೆ ಮೊಬೈಲೇ ಬರೆದುಕೊಳ್ಳುತ್ತದಲ್ಲ’ ಎನ್ನುವವರಿಗೂ ಒಂದು ಮಾತು: ಬೆನ್ನ ಹಿಂದೆ ದಾಯಾದಿಗಳು ನಿಂತಿರುವಾಗ ಪಾಲುಪಟ್ಟಿಯ ಕರಡನ್ನು ಗಟ್ಟಿಯಾಗಿ ಮೊಬೈಲಿಗೆ ಓದಿ ನೋಡಿ.

ನಿಜ ಹೇಳಬೇಕೆಂದರೆ ನಿಮ್ಮ ಪ್ರಶ್ನೆಯ ಮೇಲೆ ನನಗಿರುವ ಸಿಟ್ಟು ‘ಬರುತ್ತದೆ’ ಎಂಬ ಪದದ ಮೇಲೆ. ಟೈಪಿಂಗ್ ಬರುವ ಮೊದಲು ಏನು ಹೋಗುತ್ತದೆ ಎಂದು ಒಬ್ಬರಾದರೂ ಕೇಳಬಾರದೇ? ಅದನ್ನು ಕೇಳಿದ್ದರೆ ಸ್ಟೂಲು ಹಾಕಿ, ಚಹಾ ತರಿಸಿ ಹೇಳುತ್ತಿದ್ದೆ.

ಅಂಗಡಿಯಲ್ಲಿ ಹಳೆಯ ಹಾಗೆ, ಮನೆಯಲ್ಲಿ ಹೊಸ ಹಾಗೆ ಮಾಡಿದರೆ ಎರಡೂ ಕೆಡುತ್ತದೆ ಎಂದು ಚಿಕ್ಕಮ್ಮ ಕಟ್ಟಪ್ಪಣೆ ಮಾಡಿದ್ದರು. ಗಿರಾಕಿಗಳ ಎದುರಿಗೇ ಹತ್ತೂ ಬೆರಳು ಹರಡಿ ಕುಳಿತೆ. ಕಾಲು ಗಂಟೆಯಲ್ಲಿ ಮುಗಿಯುತ್ತಿದ್ದ ಪುಟ ಒಂದು ಗಂಟೆ ತಿಂದಿತು. ಇಬ್ಬರು ಖಾಯಂ ಗಿರಾಕಿಗಳು ಪಕ್ಕದ ಅಂಗಡಿಗೆ ನಡೆದರು, ಹೋಗುವಾಗ ನಮಸ್ಕಾರವನ್ನೂ ಹೇಳಿದರು. ಐದನೆಯ ವಾರ, ಮರುದಿನ ಬೆಳಿಗ್ಗೆ ಕೊಡಬೇಕಾದ ಗೃಹಪ್ರವೇಶದ ಕಾರ್ಡ್ ಒಂದಿತ್ತು. ರಾತ್ರಿ ಹತ್ತು ಗಂಟೆಗೆ ಷಟರ್ ಅರ್ಧ ಎಳೆದು, ಕದ್ದು ತುಪ್ಪ ತಿನ್ನುವವಳ ಹಾಗೆ, ಹಳೆಯ ಎರಡು ಬೆರಳಿಗೆ ಮರಳಿದೆ. ಅವು ಓಡಲಿಲ್ಲ! ತೋರುಬೆರಳು ಕ ಹುಡುಕಿಕೊಂಡು ಹೊರಟರೆ ಮಧ್ಯದ ಬೆರಳು ಅದು ನನ್ನದು ಎಂದು ಅಡ್ಡ ಬರುತ್ತಿತ್ತು. ಎರಡೂ ಅರ್ಧ ದಾರಿಯಲ್ಲಿ ನಿಂತು ಮುಖ ಮುಖ ನೋಡಿಕೊಳ್ಳುತ್ತಿದ್ದವು. ಹಳೆಯದು ಹೋಗಿತ್ತು, ಹೊಸದು ಬಂದಿರಲಿಲ್ಲ. ಅತ್ತ ದರಿ ಇತ್ತ ಪುಲಿ. ಹನ್ನೊಂದು ವರ್ಷ ಅನ್ನ ಕೊಟ್ಟ ಕೆಲಸ ನನಗೆ ಮಾಡಲು ಬಾರದ ಆ ರಾತ್ರಿ, ಕಾರ್ಡನ್ನು ಒಂದೊಂದೇ ಅಕ್ಷರ ಜೋಡಿಸಿ ಮುಗಿಸುವಾಗ ಒಂದೂವರೆ ಗಂಟೆ. ಇದು ಎಷ್ಟು ದಿನ ಎಂಬ ಲೆಕ್ಕದಲ್ಲಿ ಎಲ್ಲಿ ಬರುತ್ತದೆ?

ಆ ಕಾಲದಲ್ಲಿ ಪ್ರತಿ ಶನಿವಾರ ಒಬ್ಬ ನಿವೃತ್ತ ಮೇಷ್ಟರು ತಮ್ಮ ಮನೆತನದ ವಂಶಾವಳಿಯನ್ನು ಟೈಪ್ ಮಾಡಿಸಲು ಬರುತ್ತಿದ್ದರು. ದುಂಡಗಿನ ಅಕ್ಷರ, ನೂರೆಂಬತ್ತು ಪುಟ. ನಾನು ತಡವರಿಸುವುದನ್ನು ಒಂದು ಶನಿವಾರ ಸುಮ್ಮನೆ ನೋಡಿದರು. ಮುಂದಿನ ಶನಿವಾರ ತಡೆಯಲಾಗಲಿಲ್ಲ.

‘ಕೈಗೆ ಏನಾದರೂ ಪೆಟ್ಟಾಗಿದೆಯೇನಮ್ಮ?’

ಹೊಸದಾಗಿ ಕಲಿಯುತ್ತಿದ್ದೇನೆ ಎನ್ನಲು ನಾಚಿಕೆ. ‘ಹೌದು ಮೇಷ್ಟರೇ, ಬಚ್ಚಲಿನಲ್ಲಿ ಜಾರಿದೆ.’

‘ಯಾವ ಕೈ?’

‘ಎರಡೂ.’

ಅದರ ಮುಂದಿನ ಶನಿವಾರ ಮಹಾನಾರಾಯಣ ತೈಲದ ಬಾಟಲಿಯೊಂದಿಗೆ ಬಂದರು. ನನ್ನೆದುರೇ ಹಚ್ಚಿಕೋ ಎಂದು ಹಟ. ಹಚ್ಚಿಕೊಂಡೆ. ಎಣ್ಣೆಯ ಬೆರಳು ಕೀ ಮೇಲಿಂದ ಕೀ ಮೇಲೆ ಜಾರಿ, ಇದ್ದ ವೇಗವೂ ಹೋಯಿತು. ‘ಪಾಪ, ಬಹಳ ಪೆಟ್ಟಾಗಿದೆ’ ಎಂದರು. ಏಳು ಶನಿವಾರ ಅಂಗಡಿಯಲ್ಲಿ ಆಯುರ್ವೇದ ಆಸ್ಪತ್ರೆಯ ವಾಸನೆ. ಆದರೂ ಹೇಳುತ್ತೇನೆ, ಆ ನಾಲ್ಕು ತಿಂಗಳಲ್ಲಿ ನನಗೆ ನೋವಾಗುತ್ತಿದೆಯೇ ಎಂದು ಕೇಳಿದವರು ಅವರೊಬ್ಬರೇ.

ಅವರ ಮೂಲಮನೆ ಶರಾವತಿಯ ದಡದಲ್ಲಿತ್ತು. 1964ರಲ್ಲಿ ಮುಗಿದ ಲಿಂಗನಮಕ್ಕಿ ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಿತು. ಆ ಅಧ್ಯಾಯದಲ್ಲಿ ಅವರ ಕೈಬರಹ ಕೆಟ್ಟಿತ್ತು, ಹಾಗಾಗಿ ತಾವೇ ಓದುತ್ತೇನೆ ಎಂದರು. ಬಾಗಿಲು, ಕಿಟಕಿ, ಜಂತಿಗಳನ್ನು ಬಿಚ್ಚಿ ಎತ್ತಿನ ಗಾಡಿಗೆ ಹೇರಿದ್ದು, ಒನಕೆ ಬಂದರೂ ಒರಳುಕಲ್ಲು ನೆಲ ಬಿಟ್ಟು ಏಳದೆ ಅಲ್ಲೇ ಉಳಿದದ್ದು, ಅವರಜ್ಜಿ ಖಾಲಿ ಮನೆಗೆ ಕೊನೆಯ ದಿನವೂ ಸಗಣಿ ಸಾರಿಸಿದ್ದು. ನಾನು ಅವರ ಮುಖವನ್ನೇ ನೋಡುತ್ತಾ ಕೇಳಿದೆ:

‘ಅಟ್ಟದ ಮೇಲೆ ತೊಟ್ಟಿಲು ಇತ್ತು ಎಂದಿರಲ್ಲ, ಅದೇನಾಯಿತು ಮೇಷ್ಟರೇ?’

ಅವರು ಉತ್ತರ ಕೊಡಲಿಲ್ಲ. ನನ್ನ ಕೈ ನೋಡುತ್ತಿದ್ದರು. ಪರದೆಯ ಮೇಲೆ ಒಂದೂವರೆ ಪುಟ ನಿಂತಿತ್ತು, ಅಜ್ಜಿ ಸಾರಿಸಿದ ನೆಲದವರೆಗೂ.

‘ಎಣ್ಣೆ ಹಿಡಿಯಿತು ನೋಡು!’ ಎಂದರು ಮೇಷ್ಟರು.

ನಿಜ ಹೇಳಲು ಅದಕ್ಕಿಂತ ಒಳ್ಳೆಯ ಗಳಿಗೆ ಸಿಗುತ್ತಿರಲಿಲ್ಲ. ಹೇಳಲಿಲ್ಲ. ಅವರು ಊರಿಡೀ ಹೇಳಿದರು. ಕಳೆದ ತಿಂಗಳು ಅಪರಿಚಿತರೊಬ್ಬರು ಬಂದು ಎಷ್ಟು ದಿನದಲ್ಲಿ ಎಂದೇನೂ ಕೇಳದೆ, ಮಗನಿಗೆ ಟೈಪಿಂಗ್ ಪರೀಕ್ಷೆ ಇದೆ, ನೀವು ಯಾವ ಎಣ್ಣೆ ಹಚ್ಚಿದ್ದು ಎಂದು ಕೇಳಿದರು. ಗ್ರಂಧಿಗೆ ಅಂಗಡಿಯಲ್ಲಿ ಸಿಗುತ್ತದೆ, ಟೈಪ್ ಮಾಡಿ ಮುಗಿಸಿದ ಮೇಲೆ ಹಚ್ಚಲು ಹೇಳಿ ಎಂದು ಚೀಟಿ ಬರೆದುಕೊಟ್ಟೆ.