ಈ ಮಳೆಗಾಲದ ಸಂಕ

ಇವತ್ತು ಬೆಳಿಗ್ಗೆ ಊರಿನವರೆಲ್ಲ ಸೇರಿ ಹಳ್ಳಕ್ಕೆ ಸಂಕ ಹಾಕಿದರು. ಎರಡು ಅಡಿಕೆ ಮರ ಕಡಿದು, ಈ ದಡದಿಂದ ಆ ದಡಕ್ಕೆ ಮಲಗಿಸಿ, ಬಿಗಿಯಾಗಿ ಕಟ್ಟಿ, ಒಂದು ಬದಿಗೆ ಮಾತ್ರ ಕೈ ಹಿಡಿಯೋಕೆ ಬಿದಿರು. ಅಷ್ಟೇ.

ಹೊಸದರಲ್ಲಿ ಚೆನ್ನಾಗೇ ಇರುತ್ತದೆ. ಆಷಾಢ ಬರುವಷ್ಟರಲ್ಲಿ ಪಾಚಿ ಹಿಡಿದು ಜಾರೋಕೆ ಶುರು. ಕೆಳಗೆ ಕೆಂಪು ನೀರು, ಮೇಲೆ ಬೆನ್ನಿಗೆ ಪಾಟಿಚೀಲ ಹಾಕಿಕೊಂಡು ಒಂದು ಕೈಯಲ್ಲಿ ಕೊಡೆ ಹಿಡಿದ ಮಕ್ಕಳು. ಮಗು ಆ ಕಡೆ ಕಾಲಿಡುವ ತನಕ ತಾಯಂದಿರ ಜೀವ ಕೈಯಲ್ಲಿ. ಮಳೆ ಜೋರಾದರೆ ಶಾಲೆಯೇ ಇಲ್ಲ.

ಮಲೆನಾಡಿನಲ್ಲಿ ಮನೆಗಳು ಒಂದಿಲ್ಲಿ, ಒಂದಲ್ಲಿ. ನಾಲ್ಕು ಮನೆಗೆ ಸೇತುವೆ ಯಾಕೆ ಅಂತ ಕೇಳುತ್ತಾರೆ. ಈ ಮಾತು ಕೇಳಿದಾಗಲೆಲ್ಲ ಹೊಟ್ಟೆ ಉರಿಯುತ್ತದೆ. ಹೆರಿಗೆ ನೋವು ಮನೆ ಎಣಿಸಿಕೊಂಡು ಬರುತ್ತದಾ?

ಸುಳ್ಯದ ಗಿರೀಶ್ ಭಾರದ್ವಾಜ್ ಅವರು 1989ರಲ್ಲಿ ಅರಂಬೂರಿನಲ್ಲಿ ಪಯಸ್ವಿನಿ ನದಿಗೆ ತೂಗುಸೇತುವೆ ಕಟ್ಟಿದರು. ಆಮೇಲೆ ಅಂಥವು ನೂರಕ್ಕೂ ಜಾಸ್ತಿ ಆದವು, 2017ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಅವೆಲ್ಲ ಜನ ನಡೆದು ದಾಟೋ ಸೇತುವೆಗಳೇ ಅಲ್ವಾ! ನಮಗೂ ಲಾರಿ ಹೋಗುವಂಥದ್ದು ಬೇಡ. ಗ್ಯಾಸ್ ಸಿಲಿಂಡರ್ ಹೊತ್ತವರು, ಜ್ವರ ಬಂದ ಅಜ್ಜಿಯನ್ನು ಕುರ್ಚಿಯಲ್ಲಿ ಕೂರಿಸಿ ಎತ್ತಿಕೊಂಡವರು ಧೈರ್ಯವಾಗಿ ದಾಟುವಷ್ಟು ಅಗಲ ಇದ್ದರೆ ಸಾಕು.

ಗ್ರಾಮಸಭೆಗೆ ಮತ್ತೆ ಅರ್ಜಿ ಬರೆಯುತ್ತಿದ್ದೇವೆ. ನಿಮ್ಮೂರಲ್ಲಿ ಕಾಲುಸಂಕಕ್ಕೆ ಅನುದಾನ ಸಿಕ್ಕಿದ್ದರೆ ಯಾವ ಯೋಜನೆಯಲ್ಲಿ ಸಿಕ್ಕಿತು ಅಂತ ದಯವಿಟ್ಟು ತಿಳಿಸಿ, ಅರ್ಜಿಯಲ್ಲಿ ಅದನ್ನೂ ಸೇರಿಸುತ್ತೇವೆ.